ನಿಮಗಿದು ಗೊತ್ತೇ? ಕಿತ್ತೂರಿನ ಕತೆಯೂ ಇಸವಿಯ ಲೆಕ್ಕವೂ

ಚೆನ್ನಮ್ಮ–ರಾಯಣ್ಣರ ಕತೆ ಒಬ್ಬರ ಸೊತ್ತಲ್ಲ. ಲಾವಣಿಕಾರರು, ನಾಟಕದ ಮಾಸ್ತರರು, ಸಿನಿಮಾದವರು, ಧಾರಾವಾಹಿಯವರು ಎಲ್ಲರೂ ಅವೇ ಪಾತ್ರಗಳನ್ನಿಟ್ಟುಕೊಂಡು ಹೊಸ ಸನ್ನಿವೇಶ ಕಟ್ಟುತ್ತಾರೆ. ಕಟ್ಟಲಿ! ಇಸವಿ ತಪ್ಪಿದರೆ ಮಾತ್ರ ಸತ್ತವರು ಎದ್ದು ಬರುತ್ತಾರೆ, ಹುಟ್ಟದವರು ಮಾತಾಡುತ್ತಾರೆ.

◆ ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26, ಬುಧವಾರ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರ ಫೆಬ್ರುವರಿಯಲ್ಲಿ. ಗಲ್ಲಿನ ಸುದ್ದಿ ಕೇಳಿ ರಾಣಿ ಕಣ್ಣೀರಿಡುವ ದೃಶ್ಯ ಬರೆಯುವಂತಿಲ್ಲ.

◆ ನಂದಗಡದಲ್ಲಿ ರಾಯಣ್ಣನ ಹೆಸರಿಗೆ ಎರಡು ಆಲದ ಮರಗಳಿವೆ. ಒಂದು, ಗಲ್ಲಿಗೇರಿಸಿದ ಜಾಗದ್ದು. ಇನ್ನೊಂದು ಸಮಾಧಿಯ ಬಳಿಯದು. ಆತನ ಸಂಗಾತಿಯೊಬ್ಬ ನೆಟ್ಟದ್ದೆಂದು ಪ್ರತೀತಿ. ಹಾಗಾದರೆ ರಾಯಣ್ಣ ಬದುಕಿದ್ದಾಗ ಎರಡನೆಯದು ಇರಲೇ ಇಲ್ಲ. ಗಲ್ಲಿನ ದೃಶ್ಯಕ್ಕೆ ಸಮಾಧಿಯ ಮರ ತೋರಿಸಿದರೆ ಲೆಕ್ಕ ತಪ್ಪಿತು.

◆ ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು 1824ರ ಅಕ್ಟೋಬರ್ 23, ಶನಿವಾರ. ಡಿಸೆಂಬರಿನಲ್ಲಿ ಕೋಟೆ ಕೈತಪ್ಪಿತು. ರಾಯಣ್ಣನ ಪಡೆ ಬೀಡಿ ಗ್ರಾಮದ ಕಚೇರಿಗೆ ಬೆಂಕಿಯಿಟ್ಟದ್ದು 1830ರ ಜನವರಿಯಲ್ಲಿ. ನಡುವೆ ಐದು ವರ್ಷ! ದತ್ತುಪುತ್ರ ಶಿವಲಿಂಗಪ್ಪನ ಪಾತ್ರಕ್ಕೆ ಎರಡೂ ಕಡೆ ಒಬ್ಬನೇ ಬಾಲನಟ ಸಾಲದು.

◆ ದತ್ತುಪುತ್ರನಿಗೆ ಹಕ್ಕಿಲ್ಲವೆಂಬ ಮಾತು ಬಂದ ಕೂಡಲೇ ಕೆಲವರು ಡಾಲ್‌ಹೌಸಿಯನ್ನು ಕರೆತರುತ್ತಾರೆ. ಆತ ಗವರ್ನರ್ ಜನರಲ್ ಆದದ್ದು 1848ರಲ್ಲಿ. 1824ರಲ್ಲಿ ಆ ಕುರ್ಚಿಯಲ್ಲಿದ್ದವನು ಆಮ್‌ಹರ್ಸ್ಟ್. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್.

◆ ಝಾನ್ಸಿಯ ಲಕ್ಷ್ಮೀಬಾಯಿಯಿಂದ ಚೆನ್ನಮ್ಮ ಸ್ಫೂರ್ತಿ ಪಡೆಯಲಾರಳು. ಕಿತ್ತೂರಿನ ಕಾಳಗದ ಹೊತ್ತಿಗೆ ಲಕ್ಷ್ಮೀಬಾಯಿ ಇನ್ನೂ ಹುಟ್ಟಿರಲಿಲ್ಲ.

◆ ಸತ್ತ ಥ್ಯಾಕರೆ ‘ವ್ಯಾನಿಟಿ ಫೇರ್’ ಕಾದಂಬರಿಕಾರನ ಚಿಕ್ಕಪ್ಪ. ಕಾದಂಬರಿಕಾರ ಹುಟ್ಟಿದ್ದು 1811ರಲ್ಲಿ, ಕಲ್ಕತ್ತೆಯಲ್ಲಿ. 1824ರಲ್ಲಿ ಅವನಿಗೆ 13; ಇಂಗ್ಲೆಂಡಿನ ಶಾಲೆಯಲ್ಲಿದ್ದ. ಧಾರವಾಡದ ಬಂಗಲೆಯ ದೃಶ್ಯದಲ್ಲಿ ಅವನನ್ನು ಕೂರಿಸಬೇಡಿ.

◆ ಸೆಟ್ಟಿನ ಗೋಡೆಗೆ ಫೋಟೋ ಬೇಡ: ಛಾಯಾಚಿತ್ರ ತೆಗೆಯುವ ವಿಧಾನ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ವಿಕ್ಟೋರಿಯಾ ಮುಖದ ರೂಪಾಯಿ ಬೇಡ: ಅದು 1840ರದು. ರೈಲಿನ ಸಿಳ್ಳೆಯೂ ಬೇಡ: ಮುಂಬಯಿ–ಠಾಣೆ ರೈಲು ಓಡಿದ್ದು 1853ರಲ್ಲಿ.

◆ ಪಾತ್ರಗಳ ಬಾಯಲ್ಲಿ ಇಂಗ್ಲಿಷ್ ಇಸವಿಗಿಂತ ಸಂವತ್ಸರ ಒಪ್ಪುತ್ತದೆ. ಕಿತ್ತೂರಿನ ಕಾಳಗ ತಾರಣ ಸಂವತ್ಸರದಲ್ಲಿ, ನಂದಗಡದ ಗಲ್ಲು ವಿಕೃತಿಯಲ್ಲಿ. ಆದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ: 2004ರಲ್ಲೂ ತಾರಣ ಬಂದಿತ್ತು, 2010ರಲ್ಲೂ ವಿಕೃತಿ. ಜೊತೆಗೆ ಶಕವರ್ಷ ಬರೆದಿಟ್ಟುಕೊಳ್ಳಿ: 1746 ಮತ್ತು 1752.

◆ ರಾಯಣ್ಣ ಹುಟ್ಟಿದ್ದು ಆಗಸ್ಟ್ 15ರಂದು ಎಂಬುದು ರೂಢಿ. ಇಸವಿ ಮಾತ್ರ ಕೆಲವರಲ್ಲಿ 1796, ಕೆಲವರಲ್ಲಿ 1798. ಗಲ್ಲಿನ ಹೊತ್ತಿಗೆ ವಯಸ್ಸು 34 ಅಥವಾ 32. ಯಾವುದನ್ನಾದರೂ ಹಿಡಿಯಿರಿ, ಮೂರನೇ ಅಂಕದಲ್ಲಿ ಬದಲಿಸಬೇಡಿ.

◆ ಇಸವಿ ಗಟ್ಟಿಯಿದ್ದರೆ ಮುಖ ಬದಲಾದರೂ ಅಡ್ಡಿಯಿಲ್ಲ. ಬಿ. ಆರ್. ಪಂತುಲು ಅವರ 1961ರ ಚಿತ್ರದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮ; ನಾಗಣ್ಣ ನಿರ್ದೇಶಿಸಿದ 2012ರ ಚಿತ್ರದಲ್ಲಿ ಜಯಪ್ರದಾ. ಜನ ಇಬ್ಬರನ್ನೂ ರಾಣಿಯೆಂದು ಒಪ್ಪಿಕೊಂಡರು.

◆ ಒಬ್ಬನೇ ಬರೆದರೂ ಎಡವಟ್ಟು ತಪ್ಪಿದ್ದಲ್ಲ. ಶೆರ್ಲಾಕ್ ಹೋಮ್ಸ್‌ನ ಗೆಳೆಯ ವಾಟ್ಸನ್‌ಗೆ ಮೊದಲ ಕಾದಂಬರಿಯಲ್ಲಿ ಗುಂಡು ತಾಗಿದ್ದು ಭುಜಕ್ಕೆ; ಎರಡನೆಯದರಲ್ಲಿ ಕಾಲಿಗೆ!

◆ ಹಲವರು ಸೇರಿ ಬೆಳೆಸಿದ ‘ಸ್ಟಾರ್ ವಾರ್ಸ್’ ಲೋಕದಲ್ಲಿ ಯಾವಿನ್ ಕಾಳಗವೇ ಸೊನ್ನೆ. ಉಳಿದದ್ದೆಲ್ಲ ಅದರ ಹಿಂದೆ ಅಥವಾ ಮುಂದೆ. ನಮ್ಮವರು ಕಿತ್ತೂರಿನ ಮೊದಲ ಕಾಳಗವನ್ನು ಸೊನ್ನೆಯೆಂದಿಟ್ಟುಕೊಂಡರೆ, ನಂದಗಡದ ದಿನ ಬೀಳುವುದು 6 ವರ್ಷ, 3 ತಿಂಗಳು, 3 ದಿನಕ್ಕೆ. ಅಷ್ಟರೊಳಗೆ ಕಾಡಿನ ರಾತ್ರಿಗಳು, ಗೂಢಚಾರರು, ಮಾತುಕತೆಗಳು ಎಷ್ಟು ಬೇಕಾದರೂ ಹುಟ್ಟಲಿ. ಅವಕ್ಕೆಲ್ಲ ಧಾರಾಳ ಜಾಗವಿದೆ.