ಮನೆ ಕೊಳ್ಳುವ ಮುನ್ನ ಕೈಯಲ್ಲಿರುವ ಹಣ ಎಣಿಸಿ: ದುಬೈ ಗೃಹಸಾಲದ ಬದಲಾದ ನಿಯಮಗಳು



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಮತ್ತು ಅದರೊಳಗಿನ ಗ್ರೀನ್ ಕಮ್ಯುನಿಟಿಯಲ್ಲಿ ಬಾಡಿಗೆಗಿರುವ ನಮ್ಮ ಕುಟುಂಬಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ. ವರ್ಷ ವರ್ಷವೂ ಬಾಡಿಗೆ ಚೆಕ್ ಬರೆಯುವ ಬದಲು ಅದೇ ಹಣದಲ್ಲಿ ಸಾಲದ ಕಂತು ಕಟ್ಟಿ ಸ್ವಂತ ಮನೆ ಮಾಡಿಕೊಳ್ಳಬಾರದೇ? 2021ರಲ್ಲಿ ಮೆಟ್ರೊ ಇಲ್ಲಿಗೆ ಬಂದ ಮೇಲಂತೂ ಬಿಟ್ಟುಹೋಗಲು ಯಾರಿಗೂ ಮನಸ್ಸಿಲ್ಲ.

ಪ್ರಶ್ನೆ ಸರಿಯಾದದ್ದೇ. ಆದರೆ ಕಂತಿನ ಲೆಕ್ಕಕ್ಕಿಂತ ಮೊದಲು ಮಾಡಬೇಕಾದ ಲೆಕ್ಕ ಇನ್ನೊಂದಿದೆ. ಮನೆ ನಮ್ಮ ಹೆಸರಿಗೆ ಆಗುವಷ್ಟರಲ್ಲಿ ಕೈಯಿಂದ ಎಷ್ಟು ಹಣ ಕೊಡಬೇಕು? 2025ರ ಫೆಬ್ರವರಿಯಿಂದ ಈ ಮೊತ್ತ ಹೆಚ್ಚಾಗಿದೆ. ಇದನ್ನು ತಿಳಿಯದೆ ಒಪ್ಪಂದಕ್ಕೆ ಸಹಿ ಹಾಕಿದರೆ ಕೊಟ್ಟ ಮುಂಗಡವನ್ನೇ ಕಳೆದುಕೊಳ್ಳುವ ಅಪಾಯವಿದೆ. ಆದ್ದರಿಂದ ಸದಸ್ಯರ ಅನುಕೂಲಕ್ಕಾಗಿ ಮುಖ್ಯ ವಿಷಯಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಏನು ಬದಲಾಗಿದೆ?

ಯುಎಇ ಸೆಂಟ್ರಲ್ ಬ್ಯಾಂಕ್ 2013ರಲ್ಲಿ ಗೃಹಸಾಲಕ್ಕೆ ಮಿತಿ ಹಾಕಿತು. 50 ಲಕ್ಷ ದಿರ್ಹಮ್‌ವರೆಗಿನ ಮೊದಲ ಮನೆಗೆ ವಿದೇಶೀಯರಿಗೆ ಬೆಲೆಯ ಶೇ. 75ರಷ್ಟು ಮಾತ್ರ ಸಾಲ ಎಂದಿತ್ತು. 2020ರಲ್ಲಿ ಕೋವಿಡ್ ಸಮಯದಲ್ಲಿ ಅದು ಶೇ. 80ಕ್ಕೆ ಏರಿತು. ಇನ್ನೂ ಕಟ್ಟುತ್ತಿರುವ ಮನೆಗಾದರೆ ಮಿತಿ ಶೇ. 50. ಸಾಲದ ಅವಧಿ ಹೆಚ್ಚೆಂದರೆ 25 ವರ್ಷ. ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ.

ಇದರ ಮೇಲೆ ದುಬೈ ಭೂ ಇಲಾಖೆಗೆ ಶೇ. 4 ನೋಂದಣಿ ಶುಲ್ಕ ಕಟ್ಟಬೇಕು. 2013ರ ಅಕ್ಟೋಬರ್‌ಗೆ ಮೊದಲು ಇದು ಶೇ. 2 ಇತ್ತು. ಏಜೆಂಟರ ಕಮಿಷನ್ ಸಾಮಾನ್ಯವಾಗಿ ಶೇ. 2. ಹಿಂದೆ ಕೆಲವು ಬ್ಯಾಂಕುಗಳು ಈ ಎರಡರ ಬಹುಪಾಲನ್ನು ಸಾಲಕ್ಕೇ ಸೇರಿಸಿ ಕೊಡುತ್ತಿದ್ದವು. 2025ರ ಫೆಬ್ರವರಿ 1ರಿಂದ ಹಾಗೆ ಕೊಡಬಾರದೆಂದು ಸೆಂಟ್ರಲ್ ಬ್ಯಾಂಕ್ ಸೂಚಿಸಿತು. ಈಗ ಪೂರ್ತಿ ಶುಲ್ಕ ನಮ್ಮ ಕೈಯಿಂದಲೇ ಹೋಗಬೇಕು.

10 ಲಕ್ಷ ದಿರ್ಹಮ್ ಮನೆಗೆ ಶೇ. 80 ಸಾಲ ಸಿಕ್ಕಿತೆಂದುಕೊಳ್ಳೋಣ. ಆಗಿನ ಲೆಕ್ಕ ಹೀಗಿದೆ:

• ನಮ್ಮ ಪಾಲು (ಶೇ. 20): 2,00,000
• ಭೂ ಇಲಾಖೆಯ ಶುಲ್ಕ: 40,000
• ಏಜೆಂಟರ ಕಮಿಷನ್, ವ್ಯಾಟ್ ಸೇರಿ: 21,000
• ಅಡಮಾನ ನೋಂದಣಿ (ಸಾಲದ ಶೇ. 0.25 ಮತ್ತು 290): 2,290
• ನೋಂದಣಿ ಟ್ರಸ್ಟಿ ಕಚೇರಿಯ ಶುಲ್ಕ, ವ್ಯಾಟ್ ಸೇರಿ: 4,200

ಒಟ್ಟು 2,67,490 ದಿರ್ಹಮ್. ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ಮೌಲ್ಯಮಾಪನ ಶುಲ್ಕ, ವಿಮೆ ಇವೆಲ್ಲ ಬೇರೆ. "ಶೇ. 20 ಇದ್ದರೆ ಸಾಕು" ಎಂದು ಹೊರಟವರಿಗೆ 67 ಸಾವಿರಕ್ಕೂ ಹೆಚ್ಚು ಕೊರತೆ ಬೀಳುತ್ತದೆ.

ಇನ್ನೊಂದು ಮಾತು. ಬ್ಯಾಂಕು ಸಾಲ ಕೊಡುವುದು ಬೆಲೆ ಅಥವಾ ಮೌಲ್ಯಮಾಪನ, ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ. ಅದೇ ಮನೆಗೆ 9.5 ಲಕ್ಷ ಮೌಲ್ಯ ಬಂದರೆ ಸಾಲ 7.6 ಲಕ್ಷಕ್ಕೆ ಇಳಿಯುತ್ತದೆ. ಮತ್ತೆ 40 ಸಾವಿರ ನಾವೇ ಹೊಂದಿಸಬೇಕು. ಫಾರ್ಮ್ ಎಫ್ ಒಪ್ಪಂದಕ್ಕೆ ಸಾಮಾನ್ಯವಾಗಿ ಬೆಲೆಯ ಶೇ. 10ರ ಚೆಕ್ ಕೊಟ್ಟಿರುತ್ತೇವೆ. ಸಾಲ ಕಡಿಮೆಯಾದರೆ ಅಥವಾ ಸಿಗದಿದ್ದರೆ ಚೆಕ್ ವಾಪಸ್ ಕೊಡಬೇಕೆಂಬ ಷರತ್ತನ್ನು ಸಹಿಗೆ ಮೊದಲೇ ಬರೆಸಿಕೊಳ್ಳಿ.

ಸ್ವಲ್ಪ ನೆರವೂ ಇದೆ. 2025ರ ಜುಲೈನಲ್ಲಿ ದುಬೈ ಸರಕಾರ ಮೊದಲ ಬಾರಿಗೆ ಮನೆ ಕೊಳ್ಳುವವರ ಯೋಜನೆ ಆರಂಭಿಸಿತು. 18 ವರ್ಷ ದಾಟಿದ, ದುಬೈಯಲ್ಲಿ ಫ್ರೀಹೋಲ್ಡ್ ಮನೆಯಿಲ್ಲದ, ಯಾವುದೇ ದೇಶದ ಯುಎಇ ನಿವಾಸಿ ಇದಕ್ಕೆ ಅರ್ಹ. 50 ಲಕ್ಷದವರೆಗಿನ ಮನೆಗಳಿಗೆ ಅನ್ವಯ. ನೋಂದಣಿ ಶುಲ್ಕವನ್ನು ಕ್ರೆಡಿಟ್ ಕಾರ್ಡ್ ಮೂಲಕ ಬಡ್ಡಿಯಿಲ್ಲದ ಕಂತುಗಳಲ್ಲಿ ಕಟ್ಟುವ ಅವಕಾಶವೂ ಇದರಲ್ಲಿ ಸೇರಿದೆ.

ಹಕ್ಕು ಯಾವ ಬಗೆಯದು?

2006ರ 7ನೇ ಕಾನೂನಿನಂತೆ ವಿದೇಶೀಯರು ಗುರುತಿಸಿದ ಪ್ರದೇಶಗಳಲ್ಲಿ ಫ್ರೀಹೋಲ್ಡ್ ಆಗಿ ಅಥವಾ 99 ವರ್ಷದವರೆಗಿನ ಲೀಸ್‌ಹೋಲ್ಡ್ ಆಗಿ ಮನೆ ಪಡೆಯಬಹುದು. ಎರಡೂ ಒಂದೇ ಅಲ್ಲ. ಮರುಮಾರಾಟದ ಬೆಲೆ, ಸಾಲದ ಷರತ್ತು ಬೇರೆಯಾಗಬಹುದು. ಪಕ್ಕದ ಕಟ್ಟಡದವರು ಹೇಳಿದ್ದನ್ನು ನಂಬದೆ ನೀವು ಕೊಳ್ಳುವ ಮನೆಯ ಟೈಟಲ್ ಡೀಡ್ ಓದಿ.

ಮಾರುವವರಿಗೆ

ಮನೆಯ ಮೇಲೆ ಸಾಲವಿದ್ದರೆ ಮೊದಲು ಬ್ಯಾಂಕಿನಿಂದ ಬಾಕಿ ಪತ್ರ ಪಡೆಯಿರಿ. ಅವಧಿಗೆ ಮುಂಚೆ ಸಾಲ ತೀರಿಸಲು ಬ್ಯಾಂಕು ವಿಧಿಸುವ ಶುಲ್ಕಕ್ಕೆ ಮಿತಿಯಿದೆ: ಬಾಕಿಯ ಶೇ. 1 ಅಥವಾ 10,000 ದಿರ್ಹಮ್, ಯಾವುದು ಕಡಿಮೆಯೋ ಅದು. ಸರ್ವೀಸ್ ಚಾರ್ಜ್ ಬಾಕಿ ಇದ್ದರೆ ಡೆವಲಪರ್‌ನಿಂದ ಎನ್‌ಒಸಿ ಸಿಗುವುದಿಲ್ಲ.

ಈಗಾಗಲೇ ಸಾಲ ಕಟ್ಟುತ್ತಿರುವವರಿಗೆ

ದಿರ್ಹಮ್ ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿರುವುದರಿಂದ ಇಲ್ಲಿನ ಬಡ್ಡಿ ಅಮೆರಿಕದ ಬಡ್ಡಿಯ ಹಿಂದೆಯೇ ನಡೆಯುತ್ತದೆ. ಸೆಂಟ್ರಲ್ ಬ್ಯಾಂಕಿನ ಮೂಲ ದರ 2023ರ ಜುಲೈನಲ್ಲಿ ಶೇ. 5.40 ಇತ್ತು. 2025ರ ಡಿಸೆಂಬರ್‌ನಲ್ಲಿ ಅದು 3.65ಕ್ಕೆ ಇಳಿಯಿತು. ದುಬಾರಿ ದಿನಗಳಲ್ಲಿ ಮೂರು ಅಥವಾ ಐದು ವರ್ಷಕ್ಕೆ ಸ್ಥಿರ ಬಡ್ಡಿ ಹಿಡಿದವರು ಆ ಅವಧಿ ಮುಗಿಯುವ ತಾರೀಖನ್ನು ಗುರುತು ಹಾಕಿಕೊಳ್ಳಿ. ಮುಂದಿನ ಬಡ್ಡಿ ಎಷ್ಟೆಂದು ಬ್ಯಾಂಕನ್ನು ಕೇಳಿ, ಬೇರೆ ಬ್ಯಾಂಕಿನೊಂದಿಗೆ ಹೋಲಿಸಿ ನೋಡಿ.

ಊರಿನ ಮನೆ ಮಾರಿ ಇಲ್ಲಿ ಕೊಳ್ಳುವವರಿಗೆ

ಬೆಂಗಳೂರಿನ ಫ್ಲಾಟು ಅಥವಾ ಮಂಗಳೂರಿನ ಸೈಟು ಮಾರಿ ಇಲ್ಲಿನ ಮುಂಗಡ ಹೊಂದಿಸುವ ಯೋಚನೆ ಹಲವರದು. ಆದರೆ ಆ ಹಣ ಅಂದುಕೊಂಡ ದಿನಕ್ಕೆ ಬರುವುದಿಲ್ಲ. 2024ರ ಅಕ್ಟೋಬರ್‌ನಿಂದ ಕರ್ನಾಟಕದಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಕಟ್ಟುವವರು ಕೊಳ್ಳುವವರಾದರೂ ಚೌಕಾಸಿಯಲ್ಲಿ ಅದು ನಮ್ಮ ಮೇಲೆಯೇ ಬರುತ್ತದೆ.

2024ರ ಜುಲೈ 23ರ ನಂತರದ ಮಾರಾಟದಲ್ಲಿ ದೀರ್ಘಾವಧಿ ಲಾಭಕ್ಕೆ ಶೇ. 12.5 ತೆರಿಗೆ, ಮೇಲೆ ಸರ್‌ಚಾರ್ಜ್ ಮತ್ತು ಸೆಸ್. ಹಣದುಬ್ಬರದ ರಿಯಾಯಿತಿ ಇಲ್ಲ. ಅದಕ್ಕೂ ಮೊದಲು ಕೊಂಡ ಆಸ್ತಿಗೆ ಹಳೆಯ ಶೇ. 20ರ ಲೆಕ್ಕ ಆರಿಸಿಕೊಳ್ಳುವ ಅವಕಾಶ ಭಾರತದ ನಿವಾಸಿಗಳಿಗಿದೆ, ಅನಿವಾಸಿಗಳಿಗಿಲ್ಲ. ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ಪಡೆಯದಿದ್ದರೆ ಕೊಳ್ಳುವವರು ಲಾಭದ ಮೇಲಲ್ಲ, ಇಡೀ ಬೆಲೆಯ ಮೇಲೆ ತೆರಿಗೆ ಹಿಡಿಯುವ ಪ್ರಸಂಗ ಬರುತ್ತದೆ. ಹೆಚ್ಚಾಗಿ ಹಿಡಿದದ್ದು ರಿಟರ್ನ್ ಸಲ್ಲಿಸಿದ ಮೇಲಷ್ಟೇ ವಾಪಸ್. ಅಲ್ಲಿಯವರೆಗೆ ಇಲ್ಲಿನ ಮಾರಾಟಗಾರ ಕಾಯುವುದಿಲ್ಲ.

ನಮ್ಮ ಸಲಹೆ ಇಷ್ಟೇ. ಮೊದಲು ಊರಿನ ಹಣ ಖಾತೆಗೆ ಬರಲಿ, ಆಮೇಲೆ ಬ್ಯಾಂಕಿನ ಪ್ರೀ-ಅಪ್ರೂವಲ್ ಪಡೆಯಿರಿ, ಕೊನೆಗೆ ಫಾರ್ಮ್ ಎಫ್‌ಗೆ ಸಹಿ ಹಾಕಿ. ಈ ಕ್ರಮ ತಲೆಕೆಳಗಾದರೆ ವರ್ಷಗಟ್ಟಲೆಯ ಉಳಿತಾಯ ಒಂದು ಚೆಕ್ಕಿನಲ್ಲಿ ಹೋಗಬಹುದು. ಕೆಲಸ ಹೋದರೂ ಆರು ತಿಂಗಳ ಕಂತು ಮತ್ತು ಮಕ್ಕಳ ಶಾಲಾ ಫೀಜು ಕಟ್ಟುವಷ್ಟು ಹಣ ಬೇರೆಯಾಗಿ ಉಳಿದಿರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚೋಣ.