ತೂತಿಲ್ಲದ ರೀಲು, ಲೆಕ್ಕ ತಪ್ಪಿದ ಹಿಡಿ

35 ಮಿಲಿಮೀಟರ್ ಫಿಲ್ಮಿನ ಎರಡೂ ಅಂಚಿನಲ್ಲಿ ಸಾಲು ತೂತುಗಳಿರುತ್ತವೆ. ಹಲ್ಲಿನ ಚಕ್ರವೊಂದು ಆ ತೂತುಗಳಿಗೆ ಸಿಕ್ಕಿಕೊಂಡು ಎಂಟು ತೂತಿನಷ್ಟು ಎಳೆದರೆ ಒಂದು ಚಿತ್ರ. ಲೆಕ್ಕ ಅಲ್ಲಿಗೆ ಮುಗಿಯಿತು. ಹಿಂದೆ ನಮ್ಮ ಊರೂರಿನ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ 120 ರೀಲಿಗೆ ಈ ಸೌಕರ್ಯವಿಲ್ಲ. ಆರು ಸೆಂಟಿಮೀಟರಿಗಿಂತ ತುಸು ಅಗಲವಾದ ನುಣುಪು ಪಟ್ಟಿ, ಅದರ ಬೆನ್ನಿಗೊಂದು ಕಾಗದ, ಅಷ್ಟೆ. ಒಂದು ಚಿತ್ರ ತೆಗೆದ ಮೇಲೆ ಫಿಲ್ಮು ಎಷ್ಟು ಸರಿಯಬೇಕೆಂದು ಯಾರಾದರೂ ಅಳೆದು ಹೇಳಬೇಕು. ಈ ರೀಲು ಹಾಕುವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳ ರಿಪೇರಿಯ ಅರ್ಧ ತಲೆನೋವು ಹುಟ್ಟುವುದು ಇಲ್ಲಿಂದಲೇ.

ಕೊಡಾಕ್ ಕಂಪನಿ 1901ರಲ್ಲಿ ಬ್ರೌನಿ ಕ್ಯಾಮೆರಾಕ್ಕಾಗಿ ಈ ರೀಲನ್ನು ತಂದಾಗ ಅಳೆಯುವ ಕೆಲಸ ಕಣ್ಣಿನದಾಗಿತ್ತು. ಕಾಗದದ ಮೇಲೆ ಅಂಕಿಗಳು, ಕ್ಯಾಮೆರಾದ ಬೆನ್ನಿನಲ್ಲೊಂದು ಕೆಂಪು ಕಿಂಡಿ. ಕಿಂಡಿಯಲ್ಲಿ ಮುಂದಿನ ಅಂಕಿ ಕಾಣುವವರೆಗೆ ಗುಂಡಿ ತಿರುಗಿಸಿದರಾಯಿತು. ಬರೋಡಾದಲ್ಲಿ ತಯಾರಾಗಿ ನಮ್ಮ ಎಷ್ಟೋ ಮನೆಗಳ ಆಲ್ಬಂ ತುಂಬಿಸಿದ ಅಗ್ಫಾ ಕ್ಲಿಕ್ 3 ಇದೇ ಜಾತಿಯದು. ಅದರಲ್ಲಿ ಕೆಡುವಂಥದ್ದು ಹೆಚ್ಚೇನೂ ಇಲ್ಲ. ತಿರುಗಿಸಲು ಮರೆತರೆ ಮಾತ್ರ ಅಜ್ಜಿಯ ತಲೆಯ ಮೇಲೆ ಮೈಸೂರು ಅರಮನೆ ಬಂದು ಕೂರುತ್ತಿತ್ತು!

ಮರೆಯುವ ಮನುಷ್ಯನನ್ನು ನಂಬದೆ ಅಳತೆಯನ್ನು ಯಂತ್ರಕ್ಕೇ ಒಪ್ಪಿಸಿದವರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಫ್ರಾಂಕೆ ಮತ್ತು ಹೈಡೆಕೆ ಕಂಪನಿ ಮುಖ್ಯವಾದುದು. ಮೇಲೊಂದು, ಕೆಳಗೊಂದು ಲೆನ್ಸ್ ಇರುವ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಅವರು 1929ರಲ್ಲಿ ಹೊರತಂದರು. 1937ರ ಆಟೋಮ್ಯಾಟ್ ಮಾದರಿಯಲ್ಲಿ ಒಂದು ಚಮತ್ಕಾರವಿತ್ತು. ರೀಲಿನ ತುದಿಯಲ್ಲಿ ಬರೀ ಕಾಗದವಿರುತ್ತದೆ, ಫಿಲ್ಮು ಅಂಟಿಕೊಂಡಿರುವುದು ಆಮೇಲೆ. ಕ್ಯಾಮೆರಾದ ತಳದಲ್ಲಿರುವ ಎರಡು ರೋಲರುಗಳ ನಡುವೆ ಈ ಕಾಗದ ಹಾದುಹೋಗುತ್ತದೆ. ಫಿಲ್ಮು ಅಂಟಿಸಿದ ಜಾಗ ಬಂದಾಗ ದಪ್ಪ ಕೂದಲೆಳೆಯಷ್ಟು ಹೆಚ್ಚುತ್ತದೆ. ಅಷ್ಟಕ್ಕೇ ರೋಲರ್ ಮೇಲೆದ್ದು, ಒಳಗಿನ ಸನ್ನೆಯೊಂದು ಬಿಡುಗಡೆಯಾಗಿ ಎಣಿಕೆ ಶುರುವಾಗುತ್ತದೆ. ಪಕ್ಕದ ಹಿಡಿಯನ್ನು ಮುಂದಕ್ಕೆ ತಿರುಗಿಸಿದರೆ ಫಿಲ್ಮು ಸರಿಯುತ್ತದೆ, ಹಿಂದಕ್ಕೆ ತಂದರೆ ಶಟರ್ ಸಜ್ಜಾಗುತ್ತದೆ.

ಎಣಿಕೆ ಶುರುವಾದರೂ ಅಳತೆಯ ತೊಡಕು ಮುಗಿಯುವುದಿಲ್ಲ. ಚಾಪೆ ಸುತ್ತಿದ ಹಾಗೆ, ಫಿಲ್ಮು ಸುತ್ತುತ್ತ ಹೋದಂತೆ ಸ್ಪೂಲು ದಪ್ಪವಾಗುತ್ತದೆ. ಮೊದಲ ಚಿತ್ರಕ್ಕೆ ಅದು ಸುಮಾರು ಒಂದೂವರೆ ಸುತ್ತು ತಿರುಗಬೇಕು, ಹನ್ನೆರಡನೆಯದಕ್ಕೆ ಒಂದು ಸುತ್ತಿನ ಆಸುಪಾಸು ಸಾಕು. ಆದ್ದರಿಂದ ಕೆಲವು ಕ್ಯಾಮೆರಾಗಳಲ್ಲಿ ಗೀರುಗಳ ಅಂತರ ಕಡಿಮೆಯಾಗುತ್ತ ಹೋಗುವ ತಟ್ಟೆ ಇರುತ್ತದೆ. ಪೂರ್ವ ಜರ್ಮನಿಯ ಪೆಂಟಕಾನ್ ಸಿಕ್ಸ್‌ನಂಥವುಗಳಲ್ಲಿ ಫಿಲ್ಮಿಗೇ ಉಜ್ಜಿಕೊಂಡು ತಿರುಗುವ ಅಳತೆಯ ರೋಲರ್ ಇರುತ್ತದೆ. ರೀಲು ಸಡಿಲವಾಗಿ ಕೂತರೆ ರೋಲರ್ ಜಾರುತ್ತದೆ, ಚಿತ್ರಗಳು ಒಂದರ ಮೇಲೊಂದು ಹತ್ತುತ್ತವೆ. ಪೆಂಟಕಾನಿನಲ್ಲಿ ಫಿಲ್ಮು ಸರಿಸುವ ಸನ್ನೆಯನ್ನು ಬೆರಳಿನಿಂದ ಹಿಡಿದು ಹಿಂದಕ್ಕೆ ತರಬೇಕು. ಪಟ್ಟನೆ ಬಿಟ್ಟು ಬಿಟ್ಟು ಅಳತೆ ಕೆಡಿಸಿಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ.

ರಿಪೇರಿಯವರು ಮೊದಲು ಸ್ಕ್ರೂಡ್ರೈವರ್ ಎತ್ತಿಕೊಳ್ಳುವುದಿಲ್ಲ, ರೀಲು ಹೇಗೆ ಹಾಕಿದಿರಿ ಎಂದು ಕೇಳುತ್ತಾರೆ. ಆಟೋಮ್ಯಾಟಿನಲ್ಲಿ ಕಾಗದವನ್ನು ಆ ರೋಲರಿನ ಅಡಿಯಿಂದ ತೂರಿಸದೆ ಮೇಲಿಂದಲೇ ಎಳೆದುಬಿಟ್ಟರೆ ಕ್ಯಾಮೆರಾಕ್ಕೆ ಫಿಲ್ಮು ಬಂದದ್ದೇ ಗೊತ್ತಾಗುವುದಿಲ್ಲ. ಹಿಡಿ ಎಲ್ಲೂ ನಿಲ್ಲದೆ ಇಡೀ ರೀಲು ಸುತ್ತಿಹೋಗುತ್ತದೆ. ಇದು ದೋಷವೇ ಅಲ್ಲ. ಹಿಡಿ ತಿರುಗುವುದೇ ಇಲ್ಲ ಎಂಬ ದೂರಿನಲ್ಲೂ ತಪ್ಪು ಹಿಡಿಯದ್ದೇ ಆಗಿರಬೇಕಿಲ್ಲ. ಶಟರ್ ಜಿಡ್ಡುಗಟ್ಟಿ ಅರ್ಧಕ್ಕೆ ನಿಂತಿದ್ದರೂ, ಎರಡಕ್ಕೂ ನಂಟಿರುವುದರಿಂದ, ಹಿಡಿ ಬಿಗಿದುಕೊಳ್ಳುತ್ತದೆ.

ಎರಡೂ ಅಲ್ಲವೆಂದಾದರೆ ಮಾತ್ರ ಬಿಚ್ಚುವ ಮಾತು. ಪಕ್ಕದ ಚರ್ಮದ ಹೊದಿಕೆಯ ಅಂಚಿಗೆ ತುಸು ಸ್ಪಿರಿಟ್ ಬಿಟ್ಟು, ಅಂಟು ಮೆತ್ತಗಾಗುವವರೆಗೆ ಕಾದು, ತೆಳು ಅಲಗಿನಿಂದ ಮೆಲ್ಲಗೆ ಎಬ್ಬಿಸುತ್ತಾರೆ. ಹಳೆಯ ಚರ್ಮ ಅವಸರ ಮಾಡಿದರೆ ಹಪ್ಪಳದಂತೆ ಮುರಿದೀತು. ಅದರಡಿ ತಿರುಪುಗಳು. ಕೆಲವು ಮಾದರಿಗಳಲ್ಲಿ ಒಂದೆರಡು ತಿರುಪು ಉಲ್ಟಾ ಬಿಗಿಯುವಂಥವು. ಗೊತ್ತಿಲ್ಲದೆ ಬಲ ಹಾಕಿದರೆ ತಲೆಯೇ ಕಿತ್ತುಬರುತ್ತದೆ. ತಗಡು ತೆಗೆದರೆ ಹಿತ್ತಾಳೆ, ಉಕ್ಕಿನ ಹಲ್ಲುಚಕ್ರಗಳು, ಅವುಗಳನ್ನು ತಡೆದು ನಿಲ್ಲಿಸುವ ಸಣ್ಣ ಕೊಕ್ಕೆಗಳು, ಕೊಕ್ಕೆಗಳನ್ನು ಒತ್ತಿ ಹಿಡಿದ ಕೂದಲಿನಷ್ಟು ಸಪೂರ ಸ್ಪ್ರಿಂಗುಗಳು. ಒಂದು ಸ್ಪ್ರಿಂಗು ಹಾರಿ ನೆಲಕ್ಕೆ ಬಿದ್ದರೆ ಆ ದಿನದ ಕೆಲಸ ಅದನ್ನು ಹುಡುಕುವುದೇ. ಹಾಗಾಗಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು, ಒಂದೊಂದು ಭಾಗ ತೆಗೆದಾಗಲೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುತ್ತಾರೆ.

ಒಳಗೆ ಮುರಿದದ್ದಕ್ಕಿಂತ ಅಂಟಿಕೊಂಡದ್ದೇ ಹೆಚ್ಚು. ಐವತ್ತು ಅರವತ್ತು ವರ್ಷದ ಗ್ರೀಸು ಮೇಣವಾಗಿ, ಕೊಕ್ಕೆ ತನ್ನ ಗೀರಿಗೆ ಬೀಳುವುದು ತಡವಾಗುತ್ತದೆ. ಆಗ ಹಿಡಿ ಒಮ್ಮೆ ನಿಲ್ಲುತ್ತದೆ, ಒಮ್ಮೆ ನಿಲ್ಲುವುದಿಲ್ಲ. ವೈಟ್ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಸೂಜಿಮೊನೆಯಲ್ಲಿ ನಿಂತಷ್ಟು ಎಣ್ಣೆ ಮುಟ್ಟಿಸಿದರೆ ಬಹಳಷ್ಟು ಕ್ಯಾಮೆರಾಗಳು ಸರಿಹೋಗುತ್ತವೆ. ಎಣ್ಣೆ ಜಾಸ್ತಿಯಾದರೆ ಅದು ಶಟರಿನ ಎಲೆಗಳವರೆಗೆ ಹರಿದು ಹೊಸ ರೋಗ ತರುತ್ತದೆ. ಚಕ್ರದ ಹಲ್ಲೇ ಸವೆದಿದ್ದರೆ ಕಂಪನಿಯ ಬಿಡಿಭಾಗವನ್ನು ನೆಚ್ಚಿಕೊಳ್ಳುವಂತಿಲ್ಲ, ಇನ್ನೊಂದು ಸತ್ತ ಕ್ಯಾಮೆರಾದ ಹೊಟ್ಟೆಯಿಂದ ತೆಗೆಯಬೇಕು. ರಿಪೇರಿಯವರ ಕಪಾಟಿನಲ್ಲಿ ಲೆನ್ಸಿಲ್ಲದ, ಮುಚ್ಚಳವಿಲ್ಲದ ಡಬ್ಬಗಳು ಧೂಳು ತಿನ್ನುತ್ತ ಕೂತಿರುವುದು ಇದಕ್ಕೇ.

ಜೋಡಿಸಿದ ಮೇಲಿನ ಪರೀಕ್ಷೆಗೆ ಅಡ್ಡದಾರಿಯಿಲ್ಲ. ಒಂದು ರೀಲು ಪೂರ್ತಿ ತೆಗೆದು, ತೊಳೆದು, ನೆಗೆಟಿವಿನ ಮೇಲೆ ಸ್ಕೇಲು ಇಡಬೇಕು. ಅಂತರಗಳಲ್ಲಿ ಚೂರುಪಾರು ಹೆಚ್ಚುಕಡಿಮೆ ಇದ್ದರೆ ಚಿಂತೆಯಿಲ್ಲ, ಯಾವ ಚಿತ್ರವೂ ಪಕ್ಕದ್ದನ್ನು ತುಳಿದಿರಬಾರದು. ಬಿಡಿಸುವುದಕ್ಕಿಂತ ಈ ಕೊನೆಯ ಹಂತಕ್ಕೇ ಹೆಚ್ಚು ತಾಳ್ಮೆ ಬೇಕೆಂದು ನನಗನ್ನಿಸುತ್ತದೆ. ಅಂತರ ಸರಿ ಕಾಣದಿದ್ದರೆ ಮತ್ತೆ ಚರ್ಮ ಎಬ್ಬಿಸಬೇಕಲ್ಲ!

ನಿಮ್ಮ ಅಟ್ಟದ ಮೇಲೋ ತಾತನ ಪೆಟ್ಟಿಗೆಯಲ್ಲೋ ಇಂಥದೊಂದು ಕ್ಯಾಮೆರಾ ಇದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಹಿಡಿ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಬಲ ಹಾಕಬೇಡಿ, ಕೀಲೆಣ್ಣೆಯನ್ನಂತೂ ಸುರಿಯಲೇಬೇಡಿ. ಬಲ್ಲವರಿಗೆ ತೋರಿಸಿ. ರೀಲಿನ ಚಿಂತೆ ಬೇಡ: 120 ಫಿಲ್ಮನ್ನು ಕೊಡಾಕ್, ಇಲ್ಫೋರ್ಡ್ ಕಂಪನಿಗಳು ಈಗಲೂ ತಯಾರಿಸುತ್ತಿವೆ.