ಕಡಲ ಬೋಯಾಕ್ಕೆ ಕಟ್ಟಿದ ಬಾಡಿಗೆ ದೋಣಿ: ವಿಮೆಯ ಹೊಣೆ ಯಾರದು?

ಸಮುದ್ರತಳದ ಕಾಂಕ್ರೀಟ್ ದಿಮ್ಮಿಗೆ ಅಥವಾ ನೆಲದೊಳಕ್ಕೆ ತಿರುಗಿಸಿ ನೆಟ್ಟ ಉಕ್ಕಿನ ತಿರುಪಿಗೆ ಸರಪಳಿಯಿಂದ ಬಿಗಿದು ನೀರಿನ ಮೇಲೆ ತೇಲಬಿಟ್ಟ ಚೆಂಡಿನಂಥ ಬೋಯಾಕ್ಕೆ ಮೂರಿಂಗ್ ಬಾಲ್ ಎಂದು ಹೆಸರು. ದೋಣಿಯು ಲಂಗರು ಇಳಿಸದೆ ಈ ಬೋಯಾಕ್ಕೆ ಹಗ್ಗ ಕಟ್ಟಿ ನಿಲ್ಲುವುದರಿಂದ, ಲಂಗರಿನ ಎಳೆತಕ್ಕೆ ಹವಳದ ದಿಬ್ಬಗಳು ಮುರಿಯುವುದು ತಪ್ಪುತ್ತದೆ. ಬ್ರಿಟಿಷ್ ವರ್ಜಿನ್ ದ್ವೀಪಗಳಂಥ ಕಡೆ ಬಾಡಿಗೆ ದೋಣಿಗಳು ಇವುಗಳನ್ನೇ ಬಹಳವಾಗಿ ನೆಚ್ಚಿಕೊಂಡಿವೆ. ಆದರೆ ದೋಣಿಯ ಎಳೆತವನ್ನೆಲ್ಲ ತಡೆಯುವ ಸರಪಳಿ ನೀರಿನಡಿಯಲ್ಲಿದ್ದು, ಅದು ಬೇರೊಬ್ಬರ ಸ್ವತ್ತಾಗಿರುತ್ತದೆ. ಅದು ಎಷ್ಟು ಸವೆದಿದೆಯೆಂಬುದು ಬಾಡಿಗೆದಾರನಿಗೆ ಕಾಣುವುದಿಲ್ಲ.

ವಾಹನ ವಿಮೆಯನ್ನಷ್ಟೇ ಬಲ್ಲ ಕುಟುಂಬವೊಂದು ರಜೆಗೆ ಇಂಥ ದೋಣಿಯನ್ನು ಪಡೆಯುವಾಗ, "ವಿಮೆ ಇದೆ" ಎಂಬ ಭರವಸೆಗಿಂತ ಆ ವಿಮೆ ಯಾರನ್ನು ಕಾಯುತ್ತದೆ ಎಂಬುದು ಮುಖ್ಯ. ದೋಣಿಯ ಒಡಲಿಗೆ ಮಾಡಿಸಿದ ವಿಮೆ ಸಾಮಾನ್ಯವಾಗಿ ಮಾಲೀಕನ ನಷ್ಟವನ್ನು ತುಂಬುತ್ತದೆ. ಪರಿಹಾರ ಕೊಟ್ಟ ವಿಮಾ ಕಂಪನಿ ಮಾಲೀಕನ ಸ್ಥಾನದಲ್ಲಿ ನಿಂತು, ತಪ್ಪೆಸಗಿದವರಿಂದ ಆ ಹಣವನ್ನು ವಸೂಲು ಮಾಡಬಹುದು. ಹೀಗಾಗಿ, ಒಪ್ಪಂದದಲ್ಲಿ ರಕ್ಷಣೆ ಬರೆದಿರದಿದ್ದರೆ, ಹಗ್ಗವನ್ನು ತಪ್ಪಾಗಿ ಕಟ್ಟಿದ ಬಾಡಿಗೆದಾರನೂ ಈ ವಸೂಲಿಗೆ ಗುರಿಯಾಗಬಹುದು.

ವಿಮೆಗೆ ಭಾರತದ ಕಾನೂನು ಅನ್ವಯಿಸುವುದಾದರೆ, 1963ರ ಸಾಗರ ವಿಮಾ ಕಾಯ್ದೆಯ ಪ್ರಕಾರ, ಪಾಲಿಸಿ ಬೇರೆ ರೀತಿ ಹೇಳದಿದ್ದರೆ, ವಿಮೆ ಮಾಡಿಸಿದ ವಸ್ತುವಿನ ಸಹಜ ಸವೆತಕ್ಕೆ ಪರಿಹಾರವಿಲ್ಲ. ಇಲ್ಲೊಂದು ಸೂಕ್ಷ್ಮವಿದೆ: ದೋಣಿಯದೇ ಹಗ್ಗ ಲಡ್ಡಾಗಿ ಹರಿದರೆ ಅದು ದೋಣಿಯ ಸವೆತ, ಬೋಯಾದ ಸರಪಳಿ ತುಂಡಾದರೆ ಅದು ದೋಣಿಯ ಭಾಗವಲ್ಲವಾದ್ದರಿಂದ, ಹೊರಗಿನಿಂದ ಬಂದ ಅಪಘಾತವೆಂದು ವಾದಿಸಲು ಅವಕಾಶವಿದೆ. ನಷ್ಟದ ಸಮೀಪದ ಕಾರಣ ವಿಮೆಗೊಳಪಟ್ಟ ಅಪಾಯವೇ ಆಗಿದ್ದರೆ, ಚಾಲಕನ ಅಜಾಗರೂಕತೆಯೊಂದರಿಂದಲೇ ಪರಿಹಾರ ತಪ್ಪುವುದಿಲ್ಲ. ಮಾಲೀಕ ಬೇಕೆಂದೇ ಎಸಗಿದ ದುರ್ನಡತೆಗೆ ಮಾತ್ರ ಈ ರಿಯಾಯಿತಿ ಇಲ್ಲ.

ಇದಕ್ಕಿಂತ ಕಠಿಣವಾದುದು ಪಾಲಿಸಿಯ ವಾರಂಟಿ, ಎಂದರೆ ಅಕ್ಷರಶಃ ಪಾಲಿಸಬೇಕಾದ ಷರತ್ತು. ನಿಗದಿತ ಜಾಗದಲ್ಲೇ ದೋಣಿ ಕಟ್ಟಬೇಕೆಂಬ ಷರತ್ತು ಮುರಿದರೆ, ಅದಕ್ಕೂ ನಷ್ಟಕ್ಕೂ ಸಂಬಂಧವಿರಲಿ, ಇಲ್ಲದಿರಲಿ, ಪಾಲಿಸಿ ಬೇರೆ ರೀತಿ ಹೇಳದಿದ್ದರೆ, ಈ ಕಾಯ್ದೆಯಡಿ ಉಲ್ಲಂಘನೆಯ ದಿನದಿಂದ ಕಂಪನಿಯ ಹೊಣೆ ಮುಗಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಮಳೆಗಾಲದಲ್ಲಿ ಮಲ್ಪೆ, ಮಂಗಳೂರು ದಕ್ಕೆಗಳಲ್ಲಿ ಒತ್ತೊತ್ತಾಗಿ ಕಟ್ಟಿ ನಿಲ್ಲಿಸುವ ಯಾಂತ್ರಿಕ ಬೋಟುಗಳ ವಿಮೆಯಲ್ಲಿ ಇಂಥ ಷರತ್ತಿದ್ದರೆ, ಇದೇ ನಿಯಮ ಅನ್ವಯಿಸುತ್ತದೆ. ಒಂದು ಬೋಟಿನ ಹಗ್ಗ ಹರಿದರೆ ಪಕ್ಕದ ಬೋಟಿಗೂ ಪೆಟ್ಟು ಬೀಳುವುದರಿಂದ, ಮೂರನೆಯವರ ನಷ್ಟ ತುಂಬುವ ವಿಮೆಯೂ ಅಲ್ಲಿ ಅಷ್ಟೇ ಅಗತ್ಯ.

ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ಯಾವ ಬೋಯಾಗಳಿಗೆ ಅನುಮತಿಯಿದೆ, ಠೇವಣಿಯಲ್ಲಿ ಎಷ್ಟು ಕಡಿತವಾಗುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯಬೇಕು. ಬೋಯಾ ಕಿತ್ತು ದೋಣಿ ತೇಲಿಹೋದರೆ ನಷ್ಟ ತಗ್ಗಿಸಲು ಯತ್ನಿಸುವುದು ವಿಮೆ ಮಾಡಿಸಿದವರ ಮತ್ತು ಅವರ ಪ್ರತಿನಿಧಿಗಳ ಕಾನೂನುಬದ್ಧ ಕರ್ತವ್ಯ. ಅಂಥ ವೆಚ್ಚ ಭರಿಸುವ ಷರತ್ತು ಪಾಲಿಸಿಯಲ್ಲಿದ್ದರೆ, ದೋಣಿಯನ್ನು ಎಳೆತರಿಸಿದ ಖರ್ಚಿನ ರಸೀದಿ ಕ್ಲೇಮಿಗೆ ಆಧಾರವಾಗುತ್ತದೆ.